ಕಾವಿಗೆ ಕೂತ ಲಾರಿ

ನನ್ನ ಗಂಡ ಓಡಿಸುವ ಲಾರಿಯ ಹಿಂದೆ ‘ನಿಧಾನವೇ ಪ್ರಧಾನ’ ಎಂದು ಬರೆದಿದೆ. ಹಳದಿ ಬಣ್ಣದ ದಪ್ಪ ಅಕ್ಷರ, ಎರಡೂ ಬದಿಗೆ ಒಂದೊಂದು ದಾಸವಾಳ. ಈ ವೈಶಾಖದವರೆಗೆ ಅದನ್ನು ಒಬ್ಬರೂ ಓದಿರಲಿಲ್ಲ. ಓದುವಷ್ಟು ಹೊತ್ತು ಆ ಲಾರಿ ಯಾರ ಕಣ್ಣೆದುರು ಇರುತ್ತಿತ್ತು ಹೇಳಿ! ಸಾಗರದಿಂದ ಹೊಸನಗರದ ಮೇಲೆ ತೀರ್ಥಹಳ್ಳಿಗೆ ಹೋಗುವ ದಾರಿಯಲ್ಲಿ ಆ ಲಾರಿಯ ಸದ್ದು ಕೇಳಿದರೆ ಜನ ಮೊದಲು ಮಕ್ಕಳನ್ನು ಒಳಗೆ ಎಳೆದುಕೊಳ್ಳುತ್ತಿದ್ದರು, ಆಮೇಲೆ ಒಣಗಲು ಹಾಕಿದ ಬಟ್ಟೆಯನ್ನು.

ಗಂಡನ ಹೆಸರು ಹೇಳಬಾರದು ಎಂದು ನಾನೂ ಒಂದು ಕಾಲದಲ್ಲಿ ಹೇಳುತ್ತಿರಲಿಲ್ಲ. ಮೇಗರವಳ್ಳಿಯ ಸಂಗತಿ ಆದಮೇಲೆ ಆ ಮರ್ಯಾದೆಯನ್ನು ಬಿಟ್ಟೆ. ಕೆರಿಯಪ್ಪ! ಈಗ ಹೇಳಿದೆನಲ್ಲ, ಆಯುಷ್ಯ ಕಡಿಮೆಯಾಗುವುದಿದ್ದರೆ ಇವರು ಓಡಿಸುವ ರೀತಿಗೇ ಆಗಿರುತ್ತದೆ, ನನ್ನ ಬಾಯಿಗಲ್ಲ.

ಲಾರಿ ನಮ್ಮದಲ್ಲ, ತೀರ್ಥಹಳ್ಳಿಯ ಹೂವಯ್ಯಗೌಡರದ್ದು. ಅವರಿಗೆ ಅಲ್ಲಿ ಹಿಂಡಿ, ಬೂಸಾ ವ್ಯಾಪಾರ. ಸಾಗರದ ಗೋದಾಮಿನಲ್ಲಿ ಮೂಟೆ ತುಂಬಿಸಿಕೊಂಡು ಗೌಡರ ಅಂಗಡಿಗೆ ಮುಟ್ಟಿಸುವುದು ಇವರ ಕೆಲಸ. ದನ ತಿನ್ನುವ ಹಿಂಡಿ ಸ್ವಾಮಿ! ಔಷಧಿಯಲ್ಲ, ಐಸ್‌ಕ್ರೀಮಲ್ಲ. ಸಂಜೆಗೆ ಮುಟ್ಟಿದರೂ ಯಾವ ಎಮ್ಮೆಯೂ ಬೇಡ ಎನ್ನುವುದಿಲ್ಲ. ಆದರೆ ಸ್ಟೇರಿಂಗ್ ಕೈಗೆ ಬಂದರೆ ಈ ಮನುಷ್ಯನಿಗೆ ಮೈಮೇಲೆ ಬಂದ ಹಾಗೆ. ‘ಜೆಟ್ ಕೆರಿಯಪ್ಪ’ ಎಂದು ಯಾರೋ ಹೆಸರಿಟ್ಟಿದ್ದರು. ಅದನ್ನು ಕೇಳಿ ಮೀಸೆ ತಿರುವಿಕೊಂಡು ಬರುತ್ತಿದ್ದರು, ಬೈಗುಳ ಎಂದು ತಿಳಿಯುವಷ್ಟು ಬುದ್ಧಿಯೂ ಇಲ್ಲದೆ.

ಕಳೆದ ದೀಪಾವಳಿಗೆ ಮುಂಚೆ ಗೌಡರು ಮೇಗರವಳ್ಳಿಗೊಂದು ಲೋಡು ಕಳಿಸಿದರು. ಅಲ್ಲಿನ ತಿರುವಿನಲ್ಲಿ ಲಾರಿ ಮಗ್ಗುಲಾಗಿ ಮಲಗಿಬಿಟ್ಟಿತು. ಇವರು ಮೇಲಿನ ಕಿಟಕಿಯಿಂದ ಹತ್ತಿ ಬಂದು, ಅಂಗಿ ಕೊಡವಿಕೊಂಡು, “ಇಲ್ಲಿ ಟೀ ಸಿಗ್ತದಾ?” ಎಂದು ಕೇಳಿದರಂತೆ. ಅದನ್ನೇ ದೊಡ್ಡ ಪರಾಕ್ರಮ ಎಂದು ಮನೆಗೆ ಬಂದು ನನಗೆ ಹೇಳಿದರು. ಮನೆಯಲ್ಲಿದ್ದ ಒಂದೇ ಒಂದು ಕೆಂಪು ಹುಂಜವನ್ನು ಆ ದೀಪಾವಳಿಗೆ ಚೌಡಿಗೆ ಕೊಟ್ಟು, “ಇವರನ್ನ ಕಾಯಿ ತಾಯಿ” ಎಂದು ಅಡ್ಡಬಿದ್ದೆ.

ಚೌಡಿ ಇವರನ್ನು ಕಾದಳು, ನಿಜ. ಆದರೆ ಬುದ್ಧಿ ಕೊಡಲಿಲ್ಲ. ಲಾರಿ ರಿಪೇರಿಯಾದ ಮರುದಿನವೇ ಮತ್ತೆ ಅದೇ ಓಟ. ಕೆಟ್ಟದ್ದು ನಾನು. ಲಾರಿ ಹೊರಟಿತೆಂದರೆ ನನಗೆ ಅನ್ನ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಕಲಸುವುದು, ನೋಡುವುದು, ನಾಯಿಗೆ ಹಾಕುವುದು. ಇವರು ಬಂದಮೇಲೆ ಉಣ್ಣೋಣ ಎಂದರೆ ಆಗ ಹಸಿವು ಸತ್ತಿರುತ್ತಿತ್ತು. ರವಿಕೆ ಎಲ್ಲ ಸಡಿಲಾಯಿತು. ನಾಯಿ ಮಾತ್ರ ಗುಂಡಗಾಯಿತು.

ಈ ವೈಶಾಖದಲ್ಲಿ ಗೌಡರ ಮನೆಯಲ್ಲಿ ಮದುವೆ ಎಂದು ಎರಡು ವಾರ ಅಂಗಡಿ ಮುಚ್ಚಿದರು. ಲಾರಿ ಸಾಗರದಲ್ಲಿ ನಮ್ಮ ಮನೆಯೆದುರು ಸುಮ್ಮನೆ ನಿಂತಿತ್ತು. ಬಾಗಿಲಿನ ಗಾಜು ಮೇಗರವಳ್ಳಿಯಲ್ಲಿ ಹೋದದ್ದು ಇನ್ನೂ ಹಾಕಿಸಿರಲಿಲ್ಲ. ಮದುವೆ ಮುಗಿದು, ಗೌಡರು ಫೋನು ಮಾಡಿ, ಇವರು ಹಲ್ಲುಜ್ಜಿ ಹೋಗಿ ಬಾಗಿಲು ತೆಗೆದರೆ, ಸೀಟಿನ ಹಿಂದಿನ ಮಲಗುವ ಜಾಗದಲ್ಲಿ, ಹಳೆ ಕಂಬಳಿಯ ಮೇಲೆ, ನಾವು ಬೂದಿ ಎಂದು ಕರೆಯುವ ಬೂದು ಬಣ್ಣದ ಕೋಳಿ ಮೊಟ್ಟೆ ರಾಶಿ ಹಾಕಿಕೊಂಡು ಕಾವಿಗೆ ಕೂತಿತ್ತು. ಇವರು ಕೈ ಹಾಕಿದರು. ಬೂದಿ ಕುಕ್ಕಿತು. ಇವರು ಕೂಗಿದರು. ನಾನು ಹಿಡಿಸೂಡಿ ಸಮೇತ ಓಡಿ ಬಂದೆ.

“ಅದನ್ನ ಎಬ್ಬಿಸಿದ್ರೆ ನೋಡಿ ಮತ್ತೆ!” ಎಂದೆ.

“ಲೋಡಿಗೆ ಹೋಗ್ಬೇಕು ಮಾರಾಯ್ತಿ. ಬುಟ್ಟೀಲಿಟ್ಟು ಒಳಗೆ ತಗಂಡೋಗು.”

“ಜಾಗ ಬದಲಿಸಿದ್ರೆ ಮೊಟ್ಟೆ ಕೆಡ್ತವೆ. ಕಾವಿಗೆ ಕೂತ ಕೋಳಿ, ಉಣ್ಣಾಕೆ ಕೂತ ಮನುಷ್ಯ, ಇಬ್ಬರ್ನೂ ಎಬ್ಬಿಸಬಾರ್ದು ಅಂತ ನಮ್ಮವ್ವ ಹೇಳ್ತಿದ್ಳು.”

“ನಿಮ್ಮವ್ವ ಲಾರಿ ಓಡಿಸ್ತಿದ್ಳಾ?”

“ಓಡಿಸಿದ್ರೆ ಮೇಗರವಳ್ಳೀಲಿ ಬೀಳಿಸ್ತಿರ್ಲಿಲ್ಲ.”

ಇವರು ಕುಕ್ಕಿಸಿಕೊಂಡ ಬೆರಳನ್ನು ಬಾಯಿಗಿಟ್ಟುಕೊಂಡರು. ನನ್ನ ತಲೆಯಲ್ಲಿ ಅಷ್ಟರಲ್ಲಿ ದೀಪ ಹೊತ್ತಿಕೊಂಡಿತ್ತು. ಚೌಡಿಯಿಂದ ಆಗದ್ದನ್ನು ಈ ಕೋಳಿ ಮಾಡಬಹುದು! ಕೋಳಿ ಅಲುಗಬಾರದು, ಮೊಟ್ಟೆ ಉರುಳಬಾರದು. ಹಾಗಾದರೆ ಲಾರಿ ಮೆಲ್ಲಗೆ ಹೋಗಲೇಬೇಕು. ಬೂದಿಯನ್ನು ದಿನಕ್ಕೊಮ್ಮೆ ಎತ್ತಿ ಕಾಳು, ನೀರು ತೋರಿಸಬೇಕು. ನನ್ನನ್ನು ಬಿಟ್ಟರೆ ಯಾರ ಕೈಯನ್ನೂ ಅದು ಕುಕ್ಕದೆ ಬಿಡುವುದಿಲ್ಲ. ಹಾಗಾದರೆ ನಾನೂ ಲಾರಿಯಲ್ಲಿ ಕೂರಲೇಬೇಕು. ಇನ್ನು ಗುಡುಗು. ಗುಡುಗಿಗೆ ಕಾವಿನ ಮೊಟ್ಟೆ ಕೆಡದಿರಲಿ ಎಂದು ನಾವು ಬುಟ್ಟಿಯಲ್ಲಿ ಒಂದು ಕಬ್ಬಿಣದ ಚೂರು ಇಡುತ್ತೇವೆ. ಇಲ್ಲಿ ಇಡೀ ಲಾರಿಯೇ ಕಬ್ಬಿಣ! ಬೂದಿಗೆ ನನ್ನ ಗಂಡನಿಗಿಂತ ಹೆಚ್ಚು ಬುದ್ಧಿ ಇದೆ ಎಂದು ಅವತ್ತೇ ನನಗೆ ಖಾತ್ರಿಯಾಯಿತು.

“ಮರಿ ಆಗೋವರೆಗೆ ಅಷ್ಟೇ,” ಎಂದು ಇವರು ಬೆರಳು ತೋರಿಸಿದರು. “ಆಮೇಲೆ ಹೆಂಗೆ ಬಿಡ್ತೀನಿ ನೋಡು.”

ಅದೇ ನನ್ನ ಹೊಟ್ಟೆಯೊಳಗೆ ಕೂತ ಮಾತು. ಮರಿ ಆಗುವವರೆಗೆ ನನ್ನ ಗಂಡ ಬದುಕಿರುತ್ತಾರೆ. ಆಮೇಲಿನದ್ದು ದೇವರಿಗೇ ಗೊತ್ತು.

ಸೀಟಿನ ಹಿಂದೆ ಸುತ್ತಲೂ ಹುಲ್ಲು ಒತ್ತಿ, ಬುತ್ತಿ ಕಟ್ಟಿಕೊಂಡು, ನಾನು ಹತ್ತಿ ಕೂತೆ. ಮೊದಲನೇ ಗೇರು, ಎರಡನೇ ಗೇರು. ಇವರ ಕೈ ಅಭ್ಯಾಸಬಲದಿಂದ ಮೂರನೆಯದಕ್ಕೆ ಹೋಯಿತು. ಬೂದಿ ‘ಕೊರ್ರ್’ ಎಂದಿತು. ನಾನೂ ಅಂದೆ. ಕೈ ವಾಪಸ್ ಬಂತು.

ಬಟ್ಟೆಮಲ್ಲಪ್ಪದಲ್ಲಿ ಈ ಲಾರಿಯನ್ನು ಕಂಡರೆ ಹಲ್ಲು ಕಿರಿದು ಅಟ್ಟಿಸಿಕೊಂಡು ಬರುವ ಒಂದು ಕರಿ ನಾಯಿ ಇತ್ತು. ಅವತ್ತೂ ಬಂತು. ಎರಡು ಹಾರು ಹಾರಿ, ಲಾರಿಗಿಂತ ಮುಂದೆ ಹೋಗಿಬಿಟ್ಟು, ಏನು ಮಾಡುವುದೆಂದು ತಿಳಿಯದೆ ನಿಂತಿತು. ಲಾರಿ ಬಂದು ಸೇರುವವರೆಗೆ ಕಾದು, ಚಕ್ರ ಮೂಸಿ, ಮನೆಗೆ ಹೋಯಿತು. ಮರುದಿನದಿಂದ ಅದು ಬರಲೇ ಇಲ್ಲ. ಇವರಿಗೆ ಅದೊಂದು ಅವಮಾನವಾಯಿತು. ಅವತ್ತು ಸೈಕಲ್ಲಿನಲ್ಲಿ ಹುಲ್ಲುಹೊರೆ ಕಟ್ಟಿಕೊಂಡು ಹೋಗುತ್ತಿದ್ದ ಮುದುಕನೊಬ್ಬ ನಮ್ಮನ್ನು ದಾಟಿ, ತಿರುಗಿ ನೋಡಿ, “ಎಂತ, ಗಾಡಿ ಹಾಳಾಗದಾ?” ಎಂದು ಕನಿಕರಿಸಿದ. ಇವರು ಸ್ಟೇರಿಂಗ್ ಹಿಂಡಿದರು. ನಾನು ಬುತ್ತಿ ಬಿಚ್ಚಿ ಅಕ್ಕಿರೊಟ್ಟಿ, ಕಾಯಿಚಟ್ನಿ ತಿಂದೆ. ಚಟ್ನಿಗೆ ಉಪ್ಪು ಸ್ವಲ್ಪ ಕಡಿಮೆಯಾಗಿತ್ತು.

ಗಲಾಟೆ ಶುರುವಾದದ್ದು ಹೊಸನಗರ ದಾಟಿದ ಮೇಲೆ. ಪ್ರೈವೇಟ್ ಬಸ್ಸಿನ ಡ್ರೈವರ್ ಮಂಜುನಾಥ ಹಿಂದೆ ಬಂದ. ನಮ್ಮ ಕಡೆ ಪ್ರೈವೇಟ್ ಬಸ್ಸಿನವರಿಗೆ ಟೈಮಿಂಗ್ ಎಂದರೆ ಪ್ರಾಣ. ಒಂದು ನಿಮಿಷ ತಪ್ಪಿದರೆ ಹಿಂದಿನ ಬಸ್ಸಿನವನ ಜೊತೆ ಕಾಲರ್ ಹಿಡಿಯುವ ಜಗಳ. ರಸ್ತೆ ಕಿರಿದು, ತಿರುವು ಬೇರೆ. ಮಂಜುನಾಥ ಹಾರ್ನ್ ಮೇಲೆ ಕೈಯಿಟ್ಟವನು ತೆಗೆಯಲೇ ಇಲ್ಲ. ಬೂದಿ ಕತ್ತು ಎತ್ತಿತು, ರೆಕ್ಕೆ ಅರಳಿಸಿತು. ಇನ್ನೇನು ಏಳುತ್ತದೆ! ನಾನು ಬಾಗಿಲು ತೆಗೆದು ಇಳಿದೆ. ಲಾರಿ ನಿಲ್ಲಿಸುವ ಅಗತ್ಯ ಬೀಳಲಿಲ್ಲ. ಬಸ್ಸಿನ ಹತ್ತಿರ ನಡೆದು ಹೋಗಿ ಕಿಟಕಿಗೆ ಬಡಿದೆ.

“ಏ ಪುಣ್ಯಾತ್ಮ! ಒಳಗೆ ಕೋಳಿ ಕಾವಿಗೆ ಕೂತದೆ!”

ಮಂಜುನಾಥನ ಕೈ ಹಾರ್ನಿನಿಂದ ತಾನಾಗಿ ಜಾರಿತು. ಬಸ್ಸಿನೊಳಗೆ ಸುದ್ದಿ ಮುಂದಿನ ಸೀಟಿನಿಂದ ಹಿಂದಿನ ಸೀಟಿಗೆ ಹೋಯಿತು. “ಎಂತದಾ?” “ಕಾವಿಗೆ ಕೂತದಂತೆ.” “ಅಯ್ಯೋ ಪಾಪ, ಹಾರ್ನ್ ಹೊಡೀತಾನಲ್ಲ ಇವ, ಇವನಿಗೆ ಮನೇಲಿ ಕೋಳಿ ಇಲ್ವಾ?” ಒಬ್ಬ ಅಜ್ಜಿಯಂತೂ ಎದ್ದು ಬಂದು ಮಂಜುನಾಥನ ಬೆನ್ನಿಗೇ ಒಂದು ಕೊಟ್ಟಳು. ಆಮೇಲೆ ನಾಲ್ಕಾರು ಜನ, ಹೇಗೂ ಇಷ್ಟು ಮೆಲ್ಲಗೆ ಹೋಗುತ್ತದಲ್ಲ ಎಂದು, ಬಸ್ಸಿಳಿದು ಕೈಕಾಲು ಸಡಿಲ ಮಾಡಿಕೊಳ್ಳುತ್ತಾ ಲಾರಿಯ ಬದಿಯಲ್ಲಿ ನಡೆಯತೊಡಗಿದರು. ಕೋಳಿಯನ್ನು ನೋಡಿದರು. ಲಾರಿಯ ಹಿಂದೆ ಬರೆದದ್ದನ್ನು ಮೊಟ್ಟಮೊದಲ ಬಾರಿಗೆ ಗಟ್ಟಿಯಾಗಿ ಓದಿದರು. ಹಿಂದಿನ ಬಸ್ಸೂ ಬಂದು ಸೇರಿತು. ಅದರ ಡ್ರೈವರ್ ಕಾಲರ್ ಹಿಡಿಯಲೆಂದೇ ಇಳಿದು ಬಂದವನು, ವಿಷಯ ಕೇಳಿ, ಎಂಜಿನ್ ಸದ್ದು ಕಡಿಮೆ ಮಾಡಲು ವಾಪಸ್ ಓಡಿದ.

ಹೀಗೆ ನಮ್ಮ ಹಿಂದೆ ಎರಡು ಬಸ್ಸು, ಹಾಲಿನ ವ್ಯಾನು, ಬೈಕುಗಳು, ಎಲ್ಲ ಉಸಿರು ಬಿಗಿಹಿಡಿದು ಹುಂಚದವರೆಗೆ ಬಂದವು. ಯಾರದ್ದೋ ಮೊಬೈಲಿನ ಮ್ಯಾಪಿನಲ್ಲಿ ಆ ರಸ್ತೆ ಬೆಂಗಳೂರಿನ ಹಾಗೆ ಕೆಂಪಾಗಿತ್ತಂತೆ. ಎಲ್ಲೋ ದೊಡ್ಡದೇನೋ ಆಗಿದೆ ಎಂದು ನೋಡಲು ಕೋಣಂದೂರು ಕಡೆಯಿಂದಲೂ ಜನ ಬಂದರು. ಅವರನ್ನು ನಿರಾಸೆಗೊಳಿಸಬಾರದಲ್ಲ, ನಾನು ಬೂದಿಯನ್ನು ತೋರಿಸಿದೆ.

ಹುಂಚದ ಹತ್ತಿರ ಹೂವಯ್ಯಗೌಡರೇ ಜೀಪಿನಲ್ಲಿ ಎದುರಾದರು. ಅವರು ಲಾರಿಗೊಂದು ಜಿಪಿಎಸ್ ಹಾಕಿಸಿದ್ದರು. ಇಷ್ಟು ಮೆಲ್ಲಗೆ ಹೋಗುವುದನ್ನು ಆ ಯಂತ್ರ ‘ನಿಂತಿದೆ’ ಎಂದೇ ತೋರಿಸುತ್ತಿತ್ತು. ಲಾರಿ ಕೆಟ್ಟಿದೆ ಎಂದು ಮೆಕ್ಯಾನಿಕ್ಕನನ್ನೂ ಕರೆತಂದಿದ್ದರು. ಆ ಮೆಕ್ಯಾನಿಕ್ ಲಾರಿಯ ಪಕ್ಕದಲ್ಲೇ ನಡೆಯುತ್ತಾ, ಬಾನೆಟ್ಟಿಗೆ ಕಿವಿಯಿಟ್ಟು, “ಎಂಜಿನ್ ಸರಿ ಅದೆ, ಡ್ರೈವರ್ ಚೆಕ್ ಮಾಡಿ” ಎಂದ.

ಗೌಡರ ಮುಖ ಕೆಂಡವಾಗಿತ್ತು. “ಎಂತದಾ ಕೆರಿಯಪ್ಪ ಇದು? ತೀರ್ಥಹಳ್ಳೀಲಿ ಜನ ಹಿಂಡಿಗೆ ಬಾಯಿ ಬಿಟ್ಕಂಡು ಕೂತಿದ್ದಾರೆ! ಮೆರವಣಿಗೆ ಹೊರಟಿದೀಯಾ? ನಾಳೆಯಿಂದ ಬೇರೆ ಡ್ರೈವರ್ ನೋಡ್ತೀನಿ ನಾನು!”

ನಾನು ಬಾಗಿಲು ತೆಗೆದು, “ಗೌಡ್ರೇ, ಸ್ವಲ್ಪ ಮೆಲ್ಲಗೆ,” ಎಂದು ಹಿಂದೆ ತೋರಿಸಿದೆ.

ಗೌಡರು ಕತ್ತು ಹಾಕಿ ನೋಡಿದರು. ಬೂದಿ ಅವರನ್ನು ನೋಡಿತು. ಗೌಡರು ಚಪ್ಪಲಿ ಬಿಡುವುದೊಂದು ಬಾಕಿ. ಧ್ವನಿ ಪಿಸುಮಾತಿಗೆ ಇಳಿಯಿತು. “ಕಾವಿಗೆ ಕೂತದಾ? ಮೊದಲೇ ಹೇಳದಲ್ವಾ ಮಾರಾಯ! ನಾನು ಎಂತ ಮನುಷ್ಯ ಅಂತ ತಿಳ್ಕಂಡೆ?” ಆಮೇಲೆ ಹುಲ್ಲು ಮುಟ್ಟಿ ನೋಡಿ, “ಗುಡುಗಿಗೆ ಇದ್ಲು ಒಂದು ತುಂಡು ಇಟ್ಟಿದೀಯಾ ವಿಶಾಲಮ್ಮ? ಇಡು. ಮತ್ತೆ ಆ ಜೀಪು ಆಫ್ ಮಾಡ್ರೋ, ಗಡಗಡ ಅಂತದೆ,” ಎಂದರು. ಹಿಂಡಿಯ ಮಾತು ಅಲ್ಲಿಗೆ ಮುಗಿಯಿತು. ಹೋಗುವಾಗ, “ನಮ್ಮ ಮನೆಗೆ ಎರಡು ಹ್ಯಾಟೆ ಮರಿ, ಹೆಣ್ಣೇ ಆಗ್ಬೇಕು. ಮರೀಬೇಡ,” ಎಂದು ಹೇಳಿ ಹೋದರು.

ಅಲ್ಲಿಂದ ಮರಿಗಳ ಬುಕಿಂಗ್ ಶುರುವಾಯಿತು. ಮಂಜುನಾಥನಿಗೆ ಒಂದು. ಅವನ ಬೆನ್ನಿಗೆ ಕೊಟ್ಟ ಅಜ್ಜಿಗೆ ಒಂದು. ಹೊಸನಗರದಲ್ಲಿ ಹೋಟೆಲಿಟ್ಟ ಪ್ರತಿಮಾ ನಮಗೆ ದಿನಾ ಬಿಟ್ಟಿ ಟೀ ಕೊಟ್ಟು ಮೂರು ಮರಿ ಬರೆಸಿಕೊಂಡಳು. ಲೈಸೆನ್ಸ್ ತೋರಿಸಿ ಎಂದು ಕೈ ಅಡ್ಡಹಾಕಿದ ಪೊಲೀಸಿನವನು ಲೈಸೆನ್ಸ್ ನೋಡದೆ ಕೋಳಿ ನೋಡಿ, ತನಗೂ ಒಂದು ಹೇಳಿದ. ಬೂದಿಯ ಕೆಳಗಿದ್ದ ಮೊಟ್ಟೆಗಿಂತ ಹೆಚ್ಚು ಮರಿಗಳನ್ನು ನಾನು ಹಂಚಿಯಾಗಿತ್ತು. ಇಲ್ಲ ಎನ್ನಲು ಬಾಯಿ ಬರಬೇಕಲ್ಲ!

ಒಂದು ದಿನ ಹೋಗುವುದು, ಗೌಡರ ಔಟ್‌ಹೌಸಿನಲ್ಲಿ ಉಳಿಯುವುದು, ಮರುದಿನ ಬರುವುದು. ಹೀಗೇ ನಡೆಯಿತು. ದಾರಿಯಲ್ಲಿ ನಾನು ಉಂಡೆ, ತೂಕಡಿಸಿದೆ, ಎದ್ದು ಮತ್ತೆ ಉಂಡೆ. ಇವರು ಮೊದಮೊದಲು ಹಲ್ಲು ಕಡಿಯುತ್ತಿದ್ದರು. ಬರುಬರುತ್ತಾ ಮೊಣಕೈ ಕಿಟಕಿಗೆ ಹಾಕಿ, “ಇಲ್ಲೊಂದು ಕೆರೆ ಐತೆ ಕಣೇ, ನಂಗೆ ಗೊತ್ತೇ ಇರ್ಲಿಲ್ಲ,” ಎನ್ನುವಷ್ಟಕ್ಕೆ ಬಂದರು. ಇಷ್ಟು ವರ್ಷ ಅದೇ ದಾರಿಯಲ್ಲಿ ಓಡಾಡಿದ ಮನುಷ್ಯ! ‘ಆಮೇಲೆ ಹೆಂಗೆ ಬಿಡ್ತೀನಿ ನೋಡು’ ಎಂಬ ಮಾತನ್ನು ಮತ್ತೆ ಆಡಲಿಲ್ಲ. ಆದರೆ ನನಗೆ ಅದು ಮರೆಯಲಿಲ್ಲ.

ಮೊಟ್ಟೆ ಒಡೆದು ಮರಿಯಾಗಬೇಕಾದ ದಿನ ಬಂತು, ಹೋಯಿತು. ಬೂದಿ ಏಳಲಿಲ್ಲ. ಜನ ಲೆಕ್ಕ ಹಾಕತೊಡಗಿದರು. “ಆತಾ?” ಎಂದು ಪ್ರತಿಮಾ ಕೇಳಿದರೆ ನಾನು, “ಲಾರಿ ಅಲ್ವಾ, ಕಾವು ಸ್ವಲ್ಪ ನಿಧಾನ,” ಎನ್ನುತ್ತಿದ್ದೆ. ಮೇಲೆ ಹಾಗೆ ಹೇಳಿದರೂ ಒಳಗೆ ಚೌಡಿಗೆ ಬೇರೆಯೇ ಹೇಳಿಕೊಳ್ಳುತ್ತಿದ್ದೆ: ಇವತ್ತು ಬೇಡ ತಾಯಿ, ಇನ್ನೊಂದು ದಿನ ತಡೆ, ನಾಳೆಯೂ ಬೇಡ. ಮರಿಯ ಕೊಕ್ಕು ಮೊಟ್ಟೆಯೊಳಗಿನಿಂದ ಟಕ್ ಎಂದರೆ ನನ್ನ ಗಂಡನ ಕಾಲು ಎಕ್ಸಲೇಟರಿನ ಮೇಲೆ ಬಿದ್ದಂತೆಯೇ ಎಂದು ನನಗೆ ಕಾಣುತ್ತಿತ್ತು. ಕೋಳಿ ಸಾಕಿದವಳು ಮರಿ ಆಗದಿರಲಿ ಎಂದು ಬೇಡುವುದು ಲೋಕದಲ್ಲೇ ಮೊದಲಿರಬೇಕು.

ಕೊನೆಗೆ ಕೋಣಂದೂರಿನಲ್ಲಿ ಕನ್ನಪ್ಪ ಎದುರಾದ. ಕೋಳಿ ವಿಷಯದಲ್ಲಿ ಆ ಕಡೆ ಅವನ ಮಾತೇ ಮಾತು. ಸುದ್ದಿ ಕೇಳಿ, ಶುಭ್ರ ಪಂಚೆ ಉಟ್ಟು, ಡಾಕ್ಟರ ಗತ್ತಿನಲ್ಲಿ ರಸ್ತೆ ಬದಿ ಕಾಯುತ್ತಿದ್ದ. ಸುತ್ತ ಜನ ಸೇರಿತ್ತು. ಅವನು ಲಾರಿಗೆ ಹತ್ತಿ, ಬೂದಿಯ ಬಾಲ, ಪುಕ್ಕ, ಕಣ್ಣು ಎಲ್ಲ ದೂರದಿಂದಲೇ ನೋಡಿ, ತಲೆದೂಗಿದ.

“ಒಳ್ಳೆ ಹ್ಯಾಟೆ. ಹುಂಜ ಯಾವ್ದು?”

“ಆಂ?” ಎಂದೆ.

“ಹುಂಜ, ಹುಂಜ. ಅಪ್ಪ ಯಾರು ಅಂತ. ಮರಿ ಬುಕ್ ಮಾಡೋಕೆ ಮುಂಚೆ ಗೊತ್ತಾಗ್ಬೇಕಲ್ಲ.”

ನಮ್ಮ ಕೇರಿಯಲ್ಲಿ ಕೋಳಿ ಸಾಕುವವರು ನಾವೊಬ್ಬರೇ. ನಮ್ಮ ಹುಂಜ... ಅಯ್ಯೋ ಶಿವನೇ! ನನ್ನ ಕೈಯಾರೆ ಮಸಾಲೆ ಅರೆದದ್ದು, ನನ್ನ ಕೈಯಾರೆ ಬಡಿಸಿದ್ದು! ಈ ತಲೆಗೆ ಇಷ್ಟು ದಿನ ಏನಾಗಿತ್ತು? ಲಾರಿ ಮೆಲ್ಲಗೆ ಹೋದರೆ ಸಾಕು ಎಂಬ ಒಂದೇ ಗುಂಗಿನಲ್ಲಿ ನಾನು ಕೋಳಿಗೆ ಹುಂಜ ಬೇಕೆಂಬುದನ್ನೇ ಮರೆತಿದ್ದೆ.

ಇವರು ಸಟ್ಟನೆ ಎಂಜಿನ್ ಶುರು ಮಾಡಿದರು. “ಕನ್ನಪ್ಪಣ್ಣ, ಇಳೀರಿ, ತಡ ಆಗ್ತದೆ,” ಎಂದರು. ತಡ ಎಂಬ ಮಾತು ಅಷ್ಟು ದಿನಗಳಲ್ಲಿ ಇವರ ಬಾಯಿಂದ ಬಂದದ್ದು ಅದೇ ಮೊದಲು. ಕನ್ನಪ್ಪ ಇಳಿದ. ಲಾರಿ ಎರಡನೇ ಗೇರಿನಲ್ಲಿ ಊರು ದಾಟಿತು.

“ಹುಂಜನ ನಾವು ಚೌಡಿಗೆ ಕೊಟ್ಟಿದ್ವಲ್ದಾ?” ಎಂದೆ.

“ಹ್ಞೂಂ.”

“ದೀಪಾವಳಿಗೆ.”

“ಹ್ಞೂಂ. ಸಾರು ಚೆನ್ನಾಗಿತ್ತು.”

“ಹಂಗಾರೆ ಈ ಮೊಟ್ಟೆ...”

“ಗೊಡ್ಡು.”

“ನಿಮಗೆ ಯಾವಾಗ ಗೊತ್ತಾತು?”

“ಮೊದಲ್ನೇ ದಿನವೇ. ನೀನು ಹಿಡಿಸೂಡಿ ಹಿಡ್ಕಂಡು ನಿಂತಿದ್ಯಲ್ಲ, ಆಗಲೇ. ಆ ಹುಂಜದ ತೊಡೆ ತಿಂದಿದ್ದು ನಾನೇ ಅಲ್ವಾ? ನಂಗೆ ಮರೀತದಾ?”

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಊರಿಗೆಲ್ಲ ಮರಿ ಹಂಚಿದ್ದೇನೆ! ಪೊಲೀಸಿನವನಿಗೆ ಕೊಟ್ಟ ಮಾತೇನು, ಗೌಡರಿಗೆ ಹೇಳುವುದೇನು! “ಥೂ ನಿಮ್ಮ! ಗೊತ್ತಿದ್ದೂ ಗೊತ್ತಿದ್ದೂ ಬಾಯಿ ಮುಚ್ಕಂಡು ಕೂತಿದ್ರಾ? ಊರವರ ಹತ್ರ ನಗಿಸ್ಕಳಾಕೆ? ನಾಯಿ ಕೂಡ ಮೂಸಿ ಹೋತು ನಿಮ್ಮನ್ನ! ಗೊಡ್ಡು ಮೊಟ್ಟೆ ಇಟ್ಕಂಡು ಎಂತಕೆ ಹಿಂಗೆ ತೆವಳಿದ್ರಿ?”

ಎದುರಿಗೊಂದು ಎಮ್ಮೆ ರಸ್ತೆ ದಾಟುತ್ತಿತ್ತು, ಅದು ದಾಟಲಿ ಎಂದು ಇವರು ನಿಂತರು. ಜೆಟ್ ಕೆರಿಯಪ್ಪ ಎಮ್ಮೆಗೆ ನಿಂತರು!

“ಅವತ್ತು ಬಟ್ಟೆಮಲ್ಲಪ್ಪದ ಹತ್ರ ನೀನು ಬುತ್ತಿ ಬಿಚ್ಚಿದೆ,” ಎಂದರು ರಸ್ತೆ ನೋಡುತ್ತಲೇ. “ಅಷ್ಟೂ ರೊಟ್ಟಿ ತಿಂದೆ. ಬೆರಳು ನೆಕ್ಕಿದೆ. ಮೇಗರವಳ್ಳಿ ಆದ್ಮೇಲೆ ನೀನು ಹೊಟ್ಟೆ ತುಂಬ ಉಂಡಿದ್ದು ನಾನು ನೋಡಿರ್ಲಿಲ್ಲ. ಮನೇಲಿ ನಾಯಿಗೆ ಹಾಕ್ತೀಯಲ್ಲ, ಗೊತ್ತಿಲ್ಲ ಅಂದ್ಕಂಡಿದೀಯಾ? ಉಣ್ಣಾಕೆ ಕೂತ ಮನುಷ್ಯರನ್ನ ಎಬ್ಬಿಸಬಾರ್ದು ಅಂತ ನೀನೇ ಹೇಳಿದ್ದಲ್ದಾ.”

ನನಗೆ ಅಳು ಬಂತು. ಬಂದದ್ದಕ್ಕೆ ಮತ್ತೆ ಸಿಟ್ಟೂ ಬಂತು. ಬೂದಿಯ ಕಡೆ ತಿರುಗಿ ಕೂತು ಸೆರಗಿನಲ್ಲಿ ಮೂಗು ಒರೆಸಿಕೊಂಡೆ. ಅದು ತನಗೇನೂ ಸಂಬಂಧವಿಲ್ಲ ಎಂಬಂತೆ ಗೊಡ್ಡು ಮೊಟ್ಟೆಗಳನ್ನು ಎದೆಯ ಕೆಳಗೆ ಇನ್ನಷ್ಟು ಎಳೆದುಕೊಂಡಿತು.

ತೀರ್ಥಹಳ್ಳಿ ಮುಟ್ಟಿದ ಮೇಲೆ ನಾನು ಗೌಡರ ಅಂಗಡಿಗೆ ಹೋಗದೆ ನೇರ ಅವರ ಮನೆಯ ಹಿತ್ತಿಲಿಗೆ ಹೋದೆ. ಗೌಡರ ಹೆಂಡತಿ ಮೂಕಾಂಬಿಕಮ್ಮನ ಹತ್ತಿರ ಗಟ್ಟಿ ಧ್ವನಿಯ ದೊಡ್ಡ ಹುಂಜವಿತ್ತು, ನಾನು ನೋಡಿದ್ದೆ. ನಡೆದದ್ದನ್ನೆಲ್ಲ ಮುಚ್ಚಿಡದೆ ಹೇಳಿದೆ. ಅವರು ಹೊಟ್ಟೆ ಹಿಡಿದು ನಕ್ಕು, ಗೋಡೆ ಹಿಡಿದು ನಕ್ಕು, ಆಮೇಲೆ ಸೆರಗಿನ ತುಂಬ ಹೊಸ ಮೊಟ್ಟೆ ತಂದು ಕೊಟ್ಟರು. “ಗೌಡ್ರಿಗೆ ನಾನು ಹೇಳ್ತೀನಿ ಬಿಡು. ಅವರೂ ಜೀಪು ಮೆಲ್ಲಗೆ ಬಿಡಾಕೆ ಶುರು ಮಾಡಿದಾರೆ, ನಂಗೂ ಲಾಭವೇ,” ಎಂದರು. ಗೊಡ್ಡು ಮೊಟ್ಟೆಗಳನ್ನು ತೆಗೆಯುವಾಗ ಒಂದು ಒಡೆಯಿತು. ಆ ವಾಸನೆಗೆ ಲಾರಿಯಿಂದ ಮೂಟೆ ಇಳಿಸುತ್ತಿದ್ದ ಆಳುಗಳೆಲ್ಲ ಓಡಿದರು. ಬೂದಿ ಮಾತ್ರ ಹೊಸ ಮೊಟ್ಟೆಗಳ ಮೇಲೆ ಏನೂ ಆಗದಂತೆ ಕೂತಿತು.

“ಇನ್ನು ಮತ್ತೆ ಮೊದಲಿಂದ,” ಎಂದೆ ಇವರಿಗೆ, ಮುಖ ನೋಡದೆ.

“ಮೊದಲಿಂದ,” ಎಂದರು.

“ಇವು ಗೊಡ್ಡಲ್ಲ. ನಿಜಕ್ಕೂ ಮರಿ ಆಗ್ತವೆ. ಆಮೇಲೆ?”

“ಅಮ್ಮಾರ ಹತ್ರ ಆ ಹುಂಜನ್ನ ಕೇಳಿ ಇಟ್ಕಾ ನೋಡಾನ. ಬೂದಿ ಎದ್ರೆ ಅದರ ಮಗಳು ಕೂರ್ತಾಳೆ.”

ಮರುದಿನ ಹೊರಟೆವು. ಮೊದಲನೇ ಗೇರು, ಎರಡನೇ ಗೇರು. ತೀರ್ಥಹಳ್ಳಿಯ ಸೇತುವೆ ಇನ್ನೂ ಪೂರ್ತಿ ದಾಟಿರಲಿಲ್ಲ, ಹಿಂದೆ ಆಗಲೇ ಮಂಜುನಾಥನ ಬಸ್ಸು ಸದ್ದಿಲ್ಲದೆ ಬರುತ್ತಿತ್ತು.

“ಬುತ್ತಿ ಬಿಚ್ಚು,” ಎಂದರು ಇವರು.

“ಈಗ ತಾನೇ ತಿಂಡಿ ಆತಲ್ಲ.”

“ಆದ್ರೂ ಬಿಚ್ಚು.”

ನಾನು ಬಿಚ್ಚಿದೆ. ಮೊದಲ ತುತ್ತನ್ನು ಇವರ ಬಾಯಿಗಿಟ್ಟು, ಎರಡನೆಯದನ್ನು ನಾನು ತಿಂದೆ.